ಪ್ರತಿಭೆ, ಸಾಧನೆ, ದೇವರ ವರ: ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆ ಕಂಠ, ಚುರುಕು ಬುದ್ಧಿ, ಕೈಚಳಕ, ಗೆದ್ದ ಪದಕ ಎಲ್ಲವೂ ದೇವರ ವರ ಅಂತ ಕ್ರೈಸ್ತರು ಹೇಳುತ್ತಾರೆ. ಹೇಳೋದೇನೋ ಸುಲಭ. ಆದರೆ ಆ ಮಾತಿನ ಬೆನ್ನಲ್ಲೇ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಸಭೆಯೊಳಗೆ, ಅಂದರೆ ಚರ್ಚ್‌ನಲ್ಲಿ, ಬೆಳೆದವರೂ ಕೇಳುತ್ತಾರೆ, ಹೊರಗಿನವರೂ ಕೇಳುತ್ತಾರೆ. ಜಾಸ್ತಿ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕು ಮಾತು ಸಾಕು.

ಪ್ರತಿಭೆ ದೇವರು ಕೊಟ್ಟಿದ್ದು ಅಂತ ಬೈಬಲ್‌ನಲ್ಲಿ ಎಲ್ಲಿದೆ?

ಎಲ್ಲರೂ ಮೊದಲು ತೋರಿಸುವುದು ಯಾಕೋಬ 1:17. ಒಳ್ಳೆಯ ದಾನಗಳೆಲ್ಲ ಮೇಲಿನಿಂದ, ತಂದೆಯಾದ ದೇವರಿಂದ ಬರುತ್ತವೆ ಅನ್ನುತ್ತದೆ ಆ ವಾಕ್ಯ. ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲ ಇನ್ನೂ ನೇರ. ಕೊರಿಂಥದ ಸಭೆಯವರು ನಾನು ಹೆಚ್ಚು, ನೀನು ಕಮ್ಮಿ ಅಂತ ಕಿತ್ತಾಡುತ್ತಿದ್ದರು. ಅವರನ್ನು ಅವನು ಕೇಳಿದ ಪ್ರಶ್ನೆಯ ಸಾರ ಇಷ್ಟು: ಯಾರೂ ಕೊಡದೆ ನಿನಗೆ ಬಂದದ್ದು ಏನಾದರೂ ಇದೆಯಾ? ಪಡೆದುಕೊಂಡದ್ದೇ ಆದರೆ ಜಂಬ ಯಾಕೆ? (1 ಕೊರಿಂಥ 4:7).

ಆದರೆ ಈ ವಿಷಯ ಬಂದಾಗ ನಾನು ತೆರೆಯುವುದು ವಿಮೋಚನಕಾಂಡ 31ನೇ ಅಧ್ಯಾಯ. ಇಸ್ರಾಯೇಲ್ಯರು ಮರುಭೂಮಿಯಲ್ಲಿದ್ದಾರೆ. ದೇವರ ಗುಡಾರ, ಅಂದರೆ ಆರಾಧನೆಯ ಡೇರೆ, ಕಟ್ಟಬೇಕು. ದೇವರು ಯೂದ ಕುಲದ ಬೆಚಲೇಲನನ್ನು ಹೆಸರು ಹಿಡಿದು ಕರೆಯುತ್ತಾನೆ. ಇವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ಮೋಶೆಗೆ ಹೇಳುತ್ತಾನೆ. ಯಾತಕ್ಕೆ? ಪ್ರವಾದನೆ ಹೇಳೋದಕ್ಕಲ್ಲ, ಯುದ್ಧಕ್ಕೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ. ರತ್ನಗಳನ್ನು ಕೆತ್ತಿ ಕೂರಿಸೋದಕ್ಕೆ. ಮರದ ಕೆತ್ತನೆಗೆ. ದೇವರ ಆತ್ಮ ಒಬ್ಬ ಮನುಷ್ಯನನ್ನು ತುಂಬಿತು ಅಂತ ಬೈಬಲ್ ಮೊದಲ ಸಲ ಹೇಳುವುದು ಒಬ್ಬ ಕುಶಲಕರ್ಮಿಯ ಬಗ್ಗೆ. ಯಾಜಕ ಆರೋನನ ಬಗ್ಗೆ ಅಲ್ಲ. ಇದನ್ನು ಎಷ್ಟೋ ಜನ ಗಮನಿಸದೆ ಮುಂದೆ ಹೋಗುತ್ತಾರೆ.

ಅದೇ ಪುಸ್ತಕದ 35ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಹೆಂಗಸರು ತಮ್ಮ ಕೈಯಿಂದಲೇ ನೀಲಿ, ಕೆಂಪು ನೂಲು ನೂತು ತರುತ್ತಾರೆ. ಕೆಲವರು ಮೇಕೆಯ ಕೂದಲನ್ನೂ ನೂಲುತ್ತಾರೆ. ಆ ಒರಟು ಕೂದಲನ್ನು ಹದಕ್ಕೆ ತರುವುದಕ್ಕೆ ಕೈ ಪಳಗಿರಬೇಕು. ಅವರನ್ನೂ ಬೈಬಲ್ ಜಾಣೆಯರು ಅಂತಲೇ ಕರೆಯುತ್ತದೆ. ಇನ್ನೂ ಒಂದು ಮಾತಿದೆ. ಬೆಚಲೇಲನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಬೇರೆಯವರಿಗೆ ಕಲಿಸುವ ಸಾಮರ್ಥ್ಯವನ್ನೂ ದೇವರು ಕೊಟ್ಟ ಅಂತ 34ನೇ ವಾಕ್ಯ ಹೇಳುತ್ತದೆ. ಅಂದರೆ ವರ ಸಿಕ್ಕಿದ್ದು ಅವರ ಕೈಯಲ್ಲೇ ಮುಗಿದುಹೋಗಲಿ ಅಂತಲ್ಲ. ಅದು ಇನ್ನೊಬ್ಬರ ಕೈಗೆ ದಾಟಬೇಕಿತ್ತು. ಮುಂದಿನ ಉತ್ತರಗಳಲ್ಲೂ ಈ ಮಾತು ಬರುತ್ತಲೇ ಇರುತ್ತದೆ.

ಎಲ್ಲ ದೇವರದ್ದೇ ಆದರೆ ನನ್ನ ಶ್ರಮಕ್ಕೆ ಬೆಲೆ ಇಲ್ವಾ?

ವರ್ಷಗಟ್ಟಲೆ ಕಷ್ಟಪಟ್ಟು ಕಲಿತವರಿಗೆ "ಎಲ್ಲ ದೇವರ ಕೃಪೆ" ಅನ್ನೋ ಮಾತು ಚುಚ್ಚುತ್ತದೆ. ಅದು ಸಹಜವೇ. ರಾತ್ರಿಯೆಲ್ಲ ಓದಿದ್ದು ನಾನು, ಹೆಸರು ಮಾತ್ರ ದೇವರಿಗಾ?

ಕ್ರೈಸ್ತ ನಂಬಿಕೆ ಈ ಇಬ್ಬರನ್ನು ಒಂದೇ ಬಹುಮಾನಕ್ಕೆ ಪೈಪೋಟಿಗೆ ನಿಲ್ಲಿಸುವುದಿಲ್ಲ. ಶೇಕಡಾ ಇಷ್ಟು ದೇವರದು, ಇಷ್ಟು ನಂದು ಅಂತ ಪಾಲು ಹಾಕುವುದೂ ಇಲ್ಲ. ಪೌಲನ ಮಾತನ್ನೇ ನೋಡಿ. ಉಳಿದ ಅಪೊಸ್ತಲರಿಗಿಂತ (ಯೇಸುವಿನ ಸಂದೇಶ ಸಾರಲು ಕಳಿಸಿದವರಿಗಿಂತ) ನಾನೇ ಜಾಸ್ತಿ ದುಡಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಅದೇ ಉಸಿರಿನಲ್ಲಿ, ದುಡಿದದ್ದು ನಾನಲ್ಲ, ನನ್ನ ಜೊತೆಗಿದ್ದ ದೇವರ ಕೃಪೆ ಅಂತಲೂ ಹೇಳುತ್ತಾನೆ (1 ಕೊರಿಂಥ 15:10). ಅವನಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ದುಡಿಯುವ ಮನಸ್ಸು, ಮೈಯಲ್ಲಿನ ಶಕ್ತಿ, ಕಲಿಸಿಕೊಟ್ಟವರು, ಸಿಕ್ಕ ಸಮಯ, ಇವೂ ಕೊಡುಗೆಯ ಒಳಗೇ ಬರುತ್ತವೆ.

ಯೆಶಾಯ 28ರಲ್ಲಿ ಒಬ್ಬ ರೈತ ಬರುತ್ತಾನೆ. ಅವನು ವರ್ಷವಿಡೀ ಸುಮ್ನೆ ಉಳುತ್ತಾ ಕೂರುವುದಿಲ್ಲ. ನೆಲ ಸಮ ಮಾಡಿ, ಜೀರಿಗೆ ಎರಚುತ್ತಾನೆ, ಗೋದಿಯನ್ನು ಸಾಲಾಗಿ ಬಿತ್ತುತ್ತಾನೆ. ಒಕ್ಕಣೆಯ ಹೊತ್ತಿಗೆ ಜೀರಿಗೆಯ ಮೇಲೆ ಗಾಡಿಯ ಚಕ್ರ ಹಾಯಿಸುವುದಿಲ್ಲ. ಹಾಯಿಸಿದರೆ ಕಾಳು ಪುಡಿಯಾಗುತ್ತದೆ. ಕೋಲಿನಿಂದ ಮೆಲ್ಲಗೆ ಬಡಿಯುತ್ತಾನೆ. ಇದನ್ನೆಲ್ಲ ಅವನಿಗೆ ಕಲಿಸಿದ್ದು ಅವನ ದೇವರು ಅನ್ನುತ್ತಾನೆ ಯೆಶಾಯ. ಆಕಾಶದಿಂದ ಧ್ವನಿ ಕೇಳಿಸಿತು ಅಂತ ಅಲ್ಲಿಲ್ಲ. ಆ ರೈತ ಅಪ್ಪನಿಂದ ಕಲಿತಿರಬೇಕು, ಒಂದೆರಡು ಬೆಳೆ ಕೆಡಿಸಿಕೊಂಡೂ ಕಲಿತಿರಬೇಕು. ಆ ಕಲಿಕೆಗೇ ದೇವರ ಪಾಠ ಅಂತ ಹೆಸರು.

ಸಂಗೀತಗಾರ ಬಾಖ್ (1685–1750) ತನ್ನ ಎಷ್ಟೋ ಹಸ್ತಪ್ರತಿಗಳ ಕೊನೆಗೆ ಮೂರು ಅಕ್ಷರ ಬರೆಯುತ್ತಿದ್ದ. "ದೇವರೊಬ್ಬನಿಗೇ ಮಹಿಮೆ" ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. ಇಷ್ಟು ಚೆನ್ನಾಗಿ ಹೇಗೆ ಕಲಿತಿರಿ ಅಂತ ಯಾರಾದರೂ ಕೇಳಿದರೆ ಅದೇ ಬಾಖ್, ನಾನು ಶ್ರಮ ಪಡಲೇಬೇಕಾಯಿತು, ನನ್ನಷ್ಟು ಶ್ರಮ ಪಟ್ಟವರು ಯಾರೇ ಆದರೂ ಇಲ್ಲಿಗೆ ತಲುಪುತ್ತಾರೆ ಅನ್ನುತ್ತಿದ್ದನಂತೆ. 1802ರಲ್ಲಿ ಅವನ ಜೀವನ ಚರಿತ್ರೆ ಬರೆದ ಫೋರ್ಕೆಲ್ ಇದನ್ನು ದಾಖಲಿಸಿದ್ದಾನೆ. ಕೊನೆಯ ಮಾತು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಇರಲಿ. ಎರಡೂ ಮಾತು ಒಬ್ಬನದೇ ಅನ್ನೋದು ಮುಖ್ಯ.

ಇಷ್ಟರ ನಡುವೆ ಸಭೆ ಒಂದು ಗೆರೆಯನ್ನೂ ಎಳೆದಿದೆ. ದೇವರ ಕೃಪೆಯ ಆಸರೆ ಇಲ್ಲದೆ ಮನುಷ್ಯ ತನ್ನ ಬಲದಿಂದಲೇ ನೀತಿವಂತನಾಗಬಲ್ಲ ಅಂತ ಸನ್ಯಾಸಿ ಪೆಲಾಗಿಯಸ್ ಮತ್ತು ಅವನ ಕಡೆಯವರು ಕಲಿಸಿದಾಗ, 418ರ ಕಾರ್ಥೇಜ್ ಸಭಾಕೂಟ ಅದನ್ನು ತಳ್ಳಿಹಾಕಿತು. ಆ ಚರ್ಚೆಯಲ್ಲಿ ಮುಂದೆ ನಿಂತಿದ್ದವನು ಉತ್ತರ ಆಫ್ರಿಕಾದ ಬಿಷಪ್ ಆಗಸ್ಟಿನ್. ದೇವರು ನಮ್ಮ ಪುಣ್ಯಕ್ಕೆ ಕಿರೀಟ ತೊಡಿಸುವಾಗ ತಾನೇ ಕೊಟ್ಟ ವರಗಳಿಗೆ ಕಿರೀಟ ತೊಡಿಸುತ್ತಾನೆ ಅನ್ನುವುದು ಅವನ ಮಾತಿನ ತಿರುಳು. ಅಂದರೆ ಕಿರೀಟವೂ ಸುಳ್ಳಲ್ಲ, ಕೊಡುಗೆಯೂ ಸುಳ್ಳಲ್ಲ.

ಹುಟ್ಟಿನಿಂದ ಬಂದ ಪ್ರತಿಭೆಯೂ ಪವಿತ್ರಾತ್ಮನ ವರವೂ ಒಂದೇನಾ?

ಸಾಮಾನ್ಯವಾಗಿ ಎರಡನ್ನೂ ಬೇರೆ ಮಾಡಿ ನೋಡುತ್ತಾರೆ. ಹಾಡೋದು, ಲೆಕ್ಕ ಮಾಡೋದು, ಓಡೋದು ಇವೆಲ್ಲ ಸೃಷ್ಟಿಯ ಪಾಲು. ಯಾರಿಗೆ ಬೇಕಾದರೂ ಇರಬಹುದು. ಪವಿತ್ರಾತ್ಮನ ವರಗಳು ಸಭೆಯನ್ನು ಕಟ್ಟುವುದಕ್ಕೆ ಅಂತ ವಿಶ್ವಾಸಿಗಳಿಗೆ ಕೊಟ್ಟವು. ಇವುಗಳ ಪಟ್ಟಿ ರೋಮ 12, 1 ಕೊರಿಂಥ 12 ಮತ್ತು ಎಫೆಸ 4ರಲ್ಲಿ ಸಿಗುತ್ತದೆ. ಒಂದು ಪಟ್ಟಿಯ ಹಾಗೆ ಇನ್ನೊಂದಿಲ್ಲ. ಪೌಲನಿಗೆ ಪೂರ್ತಿ ಪಟ್ಟಿ ಮಾಡುವ ಉದ್ದೇಶ ಇರಲಿಲ್ಲ ಅಂತಲೇ ಇದರ ಅರ್ಥ. ಒಂದು ಕಡೆ ರೋಗ ವಾಸಿಮಾಡುವುದು, ಕಲಿಯದ ಭಾಷೆಗಳನ್ನಾಡುವುದು ಇದೆ. ಇನ್ನೊಂದು ಕಡೆ ಕಲಿಸುವುದು, ದಾನ ಕೊಡುವುದು, ಕರುಣೆ ತೋರಿಸುವುದು ಇದೆ.

ಪಂಗಡದಿಂದ ಪಂಗಡಕ್ಕೆ ಒತ್ತು ಬದಲಾಗುತ್ತದೆ. ಕ್ಯಾಥೋಲಿಕರು ಯೆಶಾಯ 11ರ ಆಧಾರದ ಮೇಲೆ ಜ್ಞಾನ, ವಿವೇಕ, ಆಲೋಚನೆ, ಸ್ಥೈರ್ಯ, ತಿಳುವಳಿಕೆ, ಭಕ್ತಿ, ದೇವಭಯ ಅಂತ 7 ವರಗಳನ್ನು ಹೇಳುತ್ತಾರೆ. ಪೆಂತೆಕೊಸ್ತ್ ಸಭೆಗಳಲ್ಲಿ ಭಾಷೆ, ಪ್ರವಾದನೆ, ವಾಸಿಮಾಡುವ ವರಗಳಿಗೆ ಒತ್ತು. ಇಂಥ ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು ಅನ್ನುವ ಪ್ರೊಟೆಸ್ಟೆಂಟ್ ಸಭೆಗಳೂ ಇವೆ.

ನನ್ನ ಪ್ರಕಾರ ಈ ಗೋಡೆಯನ್ನು ತುಂಬಾ ಎತ್ತರಕ್ಕೆ ಕಟ್ಟಬಾರದು. ಬೆಚಲೇಲನ ಕೈಕೆಲಸವನ್ನು ಯಾವ ಕಡೆ ಹಾಕ್ತೀರಿ? ಕಲಿಸುವ ವರ ಇರುವ ಬೋಧಕನಿಗೆ ಮೊದಲಿನಿಂದಲೂ ಮಾತಿನ ಹಿಡಿತ ಇದ್ದಿರಬಹುದು ಅಲ್ವಾ?

ತಲಾಂತುಗಳ ಸಾಮ್ಯದ ಅರ್ಥ ಏನು?

ಸಾಮ್ಯ ಅಂದರೆ ಯೇಸು ಹೇಳಿದ ನೀತಿಕಥೆ, ತಲಾಂತು ಅಂದರೆ ಆ ಕಾಲದ ಹಣದ ಅಳತೆ. ಮತ್ತಾಯ 25ರ ಈ ಕಥೆ ಸಾಕಷ್ಟು ಜನರಿಗೆ ಗೊತ್ತಿರುವಂಥದ್ದೇ. ಯಜಮಾನ ದೂರದ ಪ್ರಯಾಣಕ್ಕೆ ಹೊರಟ. ಒಬ್ಬ ಆಳಿಗೆ 5 ತಲಾಂತು, ಇನ್ನೊಬ್ಬನಿಗೆ 2, ಮತ್ತೊಬ್ಬನಿಗೆ 1 ಕೊಟ್ಟ. ಮೊದಲ ಇಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡಿದರು. ಮೂರನೆಯವನು ನೆಲ ಅಗೆದು ಹೂತಿಟ್ಟ.

ಇಲ್ಲಿ ಮೊತ್ತ ಗೊತ್ತಿದ್ದರೆ ಕಥೆ ಬೇರೆ ಥರ ಕಾಣುತ್ತದೆ. ಆಗ ಒಂದು ತಲಾಂತು ಅಂದರೆ ಸುಮಾರು 6000 ದಿನಾರಿ. ಕೂಲಿಯವನಿಗೆ ಒಂದು ದಿನಕ್ಕೆ ಒಂದು ದಿನಾರಿ. ವಾರಕ್ಕೊಂದು ಸಬ್ಬತ್ತು (ವಿಶ್ರಾಂತಿಯ ದಿನ), ಹಬ್ಬಗಳು ಕಳೆದರೆ, ಒಂದು ತಲಾಂತು ಸಂಪಾದಿಸೋದಕ್ಕೆ ಹೆಚ್ಚುಕಮ್ಮಿ 20 ವರ್ಷ ದುಡಿಯಬೇಕು. ಒಂದೇ ತಲಾಂತು ಸಿಕ್ಕವನು ಪಾಪ, ಅವನಿಗೆ ಸಿಕ್ಕಿದ್ದೇ ಕಮ್ಮಿ ಅಂತ ಮರುಗುತ್ತೇವಲ್ಲ, ಅವನ ಕೈಯಲ್ಲಿದ್ದದ್ದು ಒಬ್ಬ ಕೂಲಿಯವನ ಅರ್ಧ ಆಯಸ್ಸಿನ ದುಡಿಮೆ. ಈ ಕಥೆಯಲ್ಲಿ ಚಿಕ್ಕ ಪಾಲು ಅನ್ನೋದೇ ಇಲ್ಲ.

ಇನ್ನೊಂದು. 5 ತಂದವನಿಗೂ 2 ತಂದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಒಂದೇ. ಒಂದು ಪದವೂ ಹೆಚ್ಚುಕಮ್ಮಿ ಇಲ್ಲ. ಮೊತ್ತ ನೋಡಿ ಹೊಗಳಿದ್ದರೆ ಹಾಗೆ ಆಗುತ್ತಿರಲಿಲ್ಲ.

ಮೂರನೆಯವನು ಸೋಮಾರಿ ಅಂತ ಯಜಮಾನನೇ ಬೈಯುತ್ತಾನೆ. ಆದರೆ ಆ ಸೋಮಾರಿತನದ ಕೆಳಗೆ ಭಯ ಇದೆ. ನೀನು ಕಠಿಣ ಮನುಷ್ಯ ಅಂತ ಗೊತ್ತಿತ್ತು, ಹೆದರಿ ಹೂತಿಟ್ಟೆ ಅನ್ನುತ್ತಾನೆ ಅವನು. ಅಷ್ಟು ದೊಡ್ಡ ಮೊತ್ತವನ್ನು ನಂಬಿ ಕೊಟ್ಟವನನ್ನೇ ಜಿಪುಣ ಅಂತ ತಿಳಿದ. ಪ್ರತಿಭೆ ಇದ್ದೂ ಬಳಸದವರಲ್ಲಿ ಎಷ್ಟೋ ಜನರ ತೊಂದರೆ ಇದೇ. ಕೈಲಾಗದು ಅಂತಲ್ಲ, ತಪ್ಪಿದರೆ ದೇವರು ಬಿಡೋದಿಲ್ಲ ಅನ್ನುವ ಅಂಜಿಕೆ.

ಲೂಕ 19ರಲ್ಲಿ ಇದೇ ಬಗೆಯ ಇನ್ನೊಂದು ಸಾಮ್ಯ ಇದೆ. ಅಲ್ಲಿ ಹತ್ತು ಆಳುಗಳಿಗೂ ಸಮನಾಗಿ ಒಂದೊಂದೇ ನಾಣ್ಯ. ಅಲ್ಲಿ ಪ್ರತಿಫಲ ಮಾತ್ರ ಬೇರೆ ಬೇರೆ. ಎರಡನ್ನೂ ಕಲಸಿ ಓದಬೇಡಿ.

ದೇವರನ್ನೇ ನಂಬದವರಲ್ಲಿ ಇಷ್ಟೊಂದು ಪ್ರತಿಭೆ ಯಾಕಿದೆ?

ಬೈಬಲ್ ಇದನ್ನು ಮುಚ್ಚಿಡುವುದಿಲ್ಲ. ಆದಿಕಾಂಡ 4ರಲ್ಲಿ ಕಿನ್ನರಿ, ಕೊಳಲು ನುಡಿಸುವವರ ಮೂಲಪುರುಷ ಯೂಬಾಲ. ತಾಮ್ರ, ಕಬ್ಬಿಣದ ಉಪಕರಣ ಮಾಡಿದವನು ತೂಬಲ್ ಕಾಯಿನ. ಇವರಿಬ್ಬರೂ ತಮ್ಮನನ್ನು ಕೊಂದ ಕಾಯಿನನ ವಂಶದವರು. ಸಂಗೀತವೂ ಲೋಹದ ಕೆಲಸವೂ ಅಲ್ಲಿಂದ ಶುರುವಾಯಿತು ಅಂತ ಬರೆದಿಡುವುದಕ್ಕೆ ಬೈಬಲ್‌ಗೆ ಯಾವ ಸಂಕೋಚವೂ ಇಲ್ಲ. ಸೊಲೊಮೋನ ದೇವಾಲಯ ಕಟ್ಟಿಸುವಾಗ ಕಂಚಿನ ಕೆಲಸಕ್ಕೆ ಕರೆಸಿದ್ದು ತೂರಿನ ಹೀರಾಮನನ್ನು. ಅವನ ತಂದೆ ತೂರಿನವನು, ತಾಯಿ ಇಸ್ರಾಯೇಲಿನ ವಿಧವೆ (1 ಅರಸು 7). ಬೆಚಲೇಲನಿಗೆ ಹೇಳಿದ ಜ್ಞಾನ, ವಿವೇಕ, ಕೌಶಲದ ಮಾತುಗಳನ್ನೇ ಇವನಿಗೂ ಹೇಳಿದೆ.

16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ಇದನ್ನು ಖಡಕ್ಕಾಗಿ ಹೇಳಿದ. ಕ್ರೈಸ್ತರಲ್ಲದ ಹಳೆಯ ಕಾನೂನು ಪಂಡಿತರು, ವೈದ್ಯರು, ಗಣಿತಜ್ಞರ ಬರಹಗಳಲ್ಲಿ ಸತ್ಯದ ಬೆಳಕಿದೆ. ಅದನ್ನು ತಾತ್ಸಾರ ಮಾಡಿದರೆ ಸತ್ಯಕ್ಕೆಲ್ಲ ಮೂಲವಾದ ದೇವರ ಆತ್ಮನನ್ನೇ ಅವಮಾನ ಮಾಡಿದ ಹಾಗೆ ಅಂದ. ಮುಂದೆ ಅವನ ಪರಂಪರೆಯವರು ಇದಕ್ಕೆ "ಸಾಮಾನ್ಯ ಕೃಪೆ" ಅಂತ ಹೆಸರಿಟ್ಟರು. ಮಳೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬೀಳುತ್ತದೆ ಅಂತ ಯೇಸು ಹೇಳಿದ್ದನ್ನು (ಮತ್ತಾಯ 5:45) ಇದಕ್ಕೆ ಆಧಾರ ಕೊಡುತ್ತಾರೆ.

ಹಾಗಂತ ನಂಬದ ಸ್ನೇಹಿತ ಏನೋ ಸಾಧಿಸಿದಾಗ, "ಅದು ನಿನ್ನದಲ್ಲ, ದೇವರದು" ಅಂತ ಮುಖಕ್ಕೆ ಹೇಳೋದು ಬೇಡ. ಅದು ಸಾಕ್ಷಿ ಆಗೋದಿಲ್ಲ. ಸುಮ್ನೆ ಒರಟುತನ ಆಗುತ್ತದೆ. ಮನಸಾರೆ ಅಭಿನಂದಿಸಿ, ದೇವರಿಗೆ ಸ್ತೋತ್ರವನ್ನು ನಿಮ್ಮ ಪ್ರಾರ್ಥನೆಯಲ್ಲಿ ಹೇಳಿಕೊಳ್ಳಿ.

ನನ್ನಲ್ಲಿ ಹೇಳಿಕೊಳ್ಳುವಂಥ ಪ್ರತಿಭೆ ಏನೂ ಇಲ್ಲ. ನನಗೇನು ಕೊಟ್ಟಿದ್ದಾನೆ?

ಸಭೆಯಲ್ಲಿ ವೇದಿಕೆ ಹತ್ತುವವರನ್ನೇ ನೋಡಿ ನೋಡಿ ಈ ಪ್ರಶ್ನೆ ಹುಟ್ಟುತ್ತದೆ. ಹಾಡುವವರು, ಬೋಧಿಸುವವರು, ಗಿಟಾರ್ ಬಾರಿಸುವವರು. ಪೌಲನ ಪಟ್ಟಿಯಲ್ಲಿ ಸಹಾಯ ಮಾಡುವುದು, ಆಡಳಿತ ನೋಡಿಕೊಳ್ಳುವುದು ಕೂಡ ಇವೆ (1 ಕೊರಿಂಥ 12:28). ಲೆಕ್ಕ ಇಡುವವರು, ಕುರ್ಚಿ ಜೋಡಿಸುವವರು ಅಲ್ಲಿದ್ದಾರೆ ಅಂತ ನಾನಂತೂ ಓದಿಕೊಳ್ಳುತ್ತೇನೆ.

ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪ ಊರಿನ ತಬಿಥಾ ಇದ್ದಾಳೆ. ದೊರ್ಕ ಅಂತಲೂ ಕರೆಯುತ್ತಾರೆ. ಅವಳು ಪ್ರಸಂಗ ಮಾಡಿದ ದಾಖಲೆ ಇಲ್ಲ. ಹೊಲಿಯುತ್ತಿದ್ದಳು, ಬಡವರಿಗೆ ಕೊಡುತ್ತಿದ್ದಳು. ಅವಳು ಸತ್ತಾಗ ಪೇತ್ರನನ್ನು ಕರೆಸುತ್ತಾರೆ. ಮೇಲ್ಮಹಡಿಯ ಕೋಣೆಗೆ ಅವನು ಬರುತ್ತಿದ್ದ ಹಾಗೆ ವಿಧವೆಯರು ಸುತ್ತ ನಿಂತು ಅಳುತ್ತಾರೆ. ಅವಳು ಹೊಲಿದುಕೊಟ್ಟ ಅಂಗಿಗಳನ್ನು, ಹೊದಿಕೆಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಅವಳ ಬಗ್ಗೆ ಅವರ ಬಳಿ ಇದ್ದ ಸಾಕ್ಷಿ ಆ ಬಟ್ಟೆಗಳೇ. ಪೇತ್ರ ಎಲ್ಲರನ್ನೂ ಹೊರಗೆ ಕಳಿಸಿ ಪ್ರಾರ್ಥಿಸುತ್ತಾನೆ, ಅವಳು ಎದ್ದು ಕೂರುತ್ತಾಳೆ. ಅಂದ ಹಾಗೆ, ಯೇಸುವಿನ ಶಿಷ್ಯೆ ಅಂತ ಅಪೊಸ್ತಲರ ಕೃತ್ಯಗಳಲ್ಲಿ ನೇರವಾಗಿ ಕರೆಸಿಕೊಂಡ ಹೆಂಗಸು ಇವಳೇ.

ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ. ಇದು ಅನ್ಯಾಯ ಅಲ್ವಾ?

ಪೂರ್ತಿ ಸಮಾಧಾನ ಕೊಡುವ ಉತ್ತರ ಬೈಬಲ್‌ನಲ್ಲಿ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆತ್ಮನು ತನಗೆ ಬೇಕಾದ ಹಾಗೆ ಹಂಚುತ್ತಾನೆ ಅನ್ನುತ್ತಾನೆ ಪೌಲ (1 ಕೊರಿಂಥ 12:11). ಯಾಕೆ ಹಾಗೆ ಅಂತ ವಿವರಿಸುವುದಿಲ್ಲ. ಆದರೆ ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ ಎರಡು ಮಾತು ಸೇರಿಸುತ್ತಾನೆ. ದೇಹದಲ್ಲಿ ಕಣ್ಣು ಕೈಗೆ ನೀನು ಬೇಡ ಅನ್ನೋಕಾಗದು. ಬಲಹೀನವಾಗಿ ಕಾಣುವ ಅಂಗಗಳೇ ತೀರಾ ಬೇಕಾದವು. ಜಾಸ್ತಿ ಸಿಕ್ಕವರಿಂದ ಜಾಸ್ತಿ ಕೇಳಲಾಗುತ್ತದೆ ಅಂತ ಯೇಸು ಹೇಳಿದ್ದೂ ಇದೆ (ಲೂಕ 12:48). ಅದನ್ನು ಓದಿದ ಮೇಲೆ ಜಾಸ್ತಿ ಸಿಕ್ಕವರು ಹಿಗ್ಗುವುದಕ್ಕಿಂತ ಬೆವರಬೇಕು.

ಅಂಗವೈಕಲ್ಯದ ವಿಷಯದಲ್ಲಿ ಮಾತು ಹಿಡಿತದಲ್ಲಿರಲಿ. ಹುಟ್ಟು ಕುರುಡನನ್ನು ನೋಡಿ ಯಾರ ಪಾಪದಿಂದ ಹೀಗಾಯಿತು ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದ ಯೇಸು (ಯೋಹಾನ 9). ಮೋಶೆ ತನ್ನ ನಾಲಿಗೆ ಮಂದ ಅಂತ ಹಿಂಜರಿದಾಗಲೂ ದೇವರು ಅವನ ಮಾತು ಸರಿಮಾಡಿದ ಅಂತ ಎಲ್ಲೂ ಬರೆದಿಲ್ಲ. ಜೊತೆಗೆ ಆರೋನನನ್ನು ಕೊಟ್ಟ. ಒಬ್ಬನ ಕೊರತೆಯನ್ನು ಇನ್ನೊಬ್ಬನ ವರ ತುಂಬಿತು.

ಯಾರಾದರೂ ಹೊಗಳಿದರೆ ಏನು ಹೇಳಬೇಕು?

"ಥ್ಯಾಂಕ್ಸ್" ಅಂದರೆ ಸಾಕು. ನಿಜ.

ಪ್ರತಿ ಹೊಗಳಿಕೆಗೂ "ಅಯ್ಯೋ ನಾನೇನೂ ಇಲ್ಲ, ಎಲ್ಲ ಕರ್ತನದು" ಅಂತ ಹೇಳುವ ರೂಢಿ ಕೆಲವರಿಗಿದೆ. ಮನಸ್ಸಿನಿಂದ ಬಂದರೆ ಒಳ್ಳೆಯದೇ. ಎಷ್ಟೋ ಸಲ ಅದು ಇನ್ನೊಂದು ಸುತ್ತು ಹೊಗಳಿಸಿಕೊಳ್ಳುವ ದಾರಿಯಾಗುತ್ತದೆ. ದೀನತೆ ಅಂದರೆ ಸತ್ಯದಲ್ಲಿ ನಡೆಯುವುದು ಅಂದಳು ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೇಸಾ (1515–1582). ಚೆನ್ನಾಗಿ ಹಾಡಿದವರು ಚೆನ್ನಾಗಿ ಹಾಡಲಿಲ್ಲ ಅನ್ನುವುದು ದೀನತೆ ಅಲ್ಲ, ಸುಳ್ಳು.

1808ರ ಮಾರ್ಚ್ 27ರಂದು ವಿಯೆನ್ನಾದಲ್ಲಿ ಹೈಡನ್ ರಚಿಸಿದ ಸೃಷ್ಟಿಯ ಗಾನರೂಪಕ ನಡೆಯಿತು. ಮುದುಕನಾಗಿ ಬಸವಳಿದಿದ್ದ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುತಂದಿದ್ದರು. "ಬೆಳಕಾಯಿತು" ಅನ್ನುವ ಜಾಗದಲ್ಲಿ ವಾದ್ಯಗಳೆಲ್ಲ ಒಮ್ಮೆಲೇ ಮೊಳಗಿದವು, ಜನ ಚಪ್ಪಾಳೆ ಹೊಡೆದರು. ಹೈಡನ್ ಕೈ ಮೇಲೆತ್ತಿ, ಅದು ಅಲ್ಲಿಂದ ಬಂದದ್ದು ಅಂದನಂತೆ. ಅವನು ಪ್ರತಿ ಸಲ ಹಾಗೆ ಮಾಡಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಲುಸ್ತ್ರ ಅನ್ನುವ ಊರಿನಲ್ಲಿ ಜನ ಪೌಲ, ಬಾರ್ನಬರನ್ನು ದೇವರುಗಳು ಅಂತ ಪೂಜಿಸಲು ಹೊರಟಾಗ ಅವರು ಬಟ್ಟೆ ಹರಿದುಕೊಂಡು ತಡೆದರು. ಆರಾಧನೆಯ ಮಟ್ಟಕ್ಕೆ ಏರಿದ ಹೊಗಳಿಕೆಗೆ ಆ ಗಾಬರಿ ಬೇಕು. ಮೆಚ್ಚುಗೆಯ ಎರಡು ಮಾತಿಗೆ ಬೇಡ.

ಗೆದ್ದ ಆಟಗಾರ ದೇವರಿಗೆ ಸ್ತೋತ್ರ ಹೇಳಿದರೆ, ಸೋತವನ ಕಡೆ ದೇವರು ಇರಲಿಲ್ವಾ?

ಸೋತವನೂ ಪ್ರಾರ್ಥಿಸಿರುತ್ತಾನೆ. ಅದಕ್ಕೇ ದೇವರು ನನ್ನನ್ನು ಗೆಲ್ಲಿಸಿದ ಅನ್ನುವುದಕ್ಕಿಂತ, ಓಡುವ ಕಾಲು ಕೊಟ್ಟ, ಅದಕ್ಕೆ ಸ್ತೋತ್ರ ಅನ್ನುವುದು ವಾಸಿ. ಆ ಮಾತನ್ನು ಕೊನೆಯ ಸ್ಥಾನ ಪಡೆದವನೂ ಹೇಳಬಹುದು.

ಇಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಹೆಸರು ಬಂದೇ ಬರುತ್ತದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವನು 100 ಮೀಟರ್ ಓಟದಲ್ಲಿ ಇಳಿಯಲಿಲ್ಲ. ಅದರ ಪ್ರಾಥಮಿಕ ಸುತ್ತು ಭಾನುವಾರ ಇತ್ತು, ಅದು ಅವನಿಗೆ ಆರಾಧನೆಯ ದಿನ. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಇಷ್ಟು ಹೇಳಿ ಕಥೆ ನಿಲ್ಲಿಸುತ್ತಾರೆ, ಭಾನುವಾರ ಬಿಟ್ಟಿದ್ದಕ್ಕೆ ದೇವರು ಕೊಟ್ಟ ಬಹುಮಾನ ಅನ್ನೋ ಹಾಗೆ. ಮುಂದಿನದು ಹೇಳೋದಿಲ್ಲ. ಲಿಡೆಲ್ ಮಿಷನರಿಯಾಗಿ ಚೀನಾಕ್ಕೆ ಹೋದ, ಯುದ್ಧದಲ್ಲಿ ಜಪಾನೀಯರ ಶಿಬಿರದಲ್ಲಿ ಬಂದಿಯಾದ, 1945ರ ಫೆಬ್ರವರಿಯಲ್ಲಿ ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡ. ವಯಸ್ಸು 43. ಪದಕ ದೇವರ ಬಹುಮಾನವಾದರೆ ಇದು ಏನು? ಲಿಡೆಲ್ ಆ ಥರ ಲೆಕ್ಕ ಹಾಕಿದವನಲ್ಲ. ಓಡುವಾಗ ನನಗೆ ದೇವರ ಸಂತೋಷ ಅನುಭವಕ್ಕೆ ಬರುತ್ತದೆ ಅನ್ನುವ ಹೆಸರಾಂತ ಮಾತು ಅವನದೇ ಅಂತ ಪ್ರಸಂಗಗಳಲ್ಲಿ ಹೇಳುತ್ತಾರೆ. ಅದು ಅವನ ಕಥೆಯ 1981ರ ಸಿನಿಮಾಕ್ಕೆ ಬರೆದ ಸಂಭಾಷಣೆ.

ಹಾಗಾದರೆ ಯಶಸ್ಸು ದೇವರ ಮೆಚ್ಚುಗೆಯ ಗುರುತಲ್ವಾ?

ಅಲ್ಲ. ನಂಬಿದರೆ ಹಣ, ಆರೋಗ್ಯ, ಗೆಲುವು ಖಚಿತ ಅನ್ನುವ ಬೋಧನೆ ಇವತ್ತು ಜೋರಾಗಿದೆ. ಧರ್ಮೋಪದೇಶಕಾಂಡ 8:18ನ್ನು ಅವರು ಎತ್ತಿ ಹೇಳುತ್ತಾರೆ: ಸಂಪತ್ತು ಗಳಿಸುವ ಶಕ್ತಿ ಕೊಡುವವನು ದೇವರು. ಸರಿ, ಆದರೆ ಆ ಮಾತು ಬಂದಿದ್ದೇ ನನ್ನ ಕೈಬಲದಿಂದ ಗಳಿಸಿದೆ ಅಂದುಕೊಳ್ಳಬೇಡ ಅನ್ನುವ ಎಚ್ಚರಿಕೆಯ ಜೊತೆಗೆ. ಗಳಿಸಿದವನು ಒಳ್ಳೆಯವನು ಅಂತ ಅಲ್ಲಿ ಹೇಳಿಲ್ಲ.

ವರ ಬೇರೆ, ಗುಣ ಬೇರೆ. ಸಂಸೋನನ ಬಲ ದೇವರದ್ದೇ, ಬಾಳು ಮಾತ್ರ ಅಸ್ತವ್ಯಸ್ತ. ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವು, ಅದ್ಭುತ ಮಾಡಿದೆವು ಅಂದವರಿಗೆ ನಾನು ನಿಮ್ಮನ್ನು ಅರಿಯೆನು ಅನ್ನುತ್ತೇನೆ ಅಂದ ಯೇಸು (ಮತ್ತಾಯ 7). ಪ್ರತಿಭಾವಂತ ಬೋಧಕರು ಜಾರಿದಾಗ ಸಭೆಗಳು ತತ್ತರಿಸುವುದು ಇದನ್ನು ಮರೆತದ್ದರಿಂದ. ಮಾತು ಚೆನ್ನಾಗಿದೆ ಅಂತ ಮನುಷ್ಯನೂ ಚೆನ್ನಾಗಿದ್ದಾನೆ ಅಂದುಕೊಂಡುಬಿಡುತ್ತೇವೆ. ಅವನಿಂದ ನೊಂದವರು ಬಾಯಿಬಿಟ್ಟರೆ, "ದೇವರು ಅವರನ್ನು ಬಳಸುತ್ತಿದ್ದಾನೆ" ಅಂತ ಅವರ ಬಾಯಿ ಮುಚ್ಚಿಸುವುದೂ ನಡೆಯುತ್ತದೆ. ಅದು ವರದ ಹೆಸರಿನಲ್ಲಿ ಮಾಡುವ ದ್ರೋಹ.

ವಿಮೋಚನಕಾಂಡದಲ್ಲಿ ಬೆಚಲೇಲನಿಗೆ ಚಿನ್ನದ ಕೆಲಸದ ವರ ಸಿಕ್ಕಿದ್ದು 31ನೇ ಅಧ್ಯಾಯ. ಮುಂದಿನ ಅಧ್ಯಾಯದಲ್ಲೇ ಆರೋನ ಉಳಿ ಹಿಡಿದು ಚಿನ್ನದ ಕರು ಮಾಡುತ್ತಾನೆ. ಅದೇ ಜನ, ಅದೇ ಲೋಹ.

ಬೇರೆಯವರ ಪ್ರತಿಭೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಏನು ಮಾಡಲಿ?

ಮೊದಲು ಒಪ್ಪಿಕೊಳ್ಳಿ. ಸೌಲ ಸಾವಿರ ಜನರನ್ನು ಕೊಂದ, ದಾವೀದ ಹತ್ತು ಸಾವಿರ ಜನರನ್ನು ಕೊಂದ ಅಂತ ಹೆಂಗಸರು ಹಾಡಿದ್ದೇ ಅರಸ ಸೌಲನ ತಲೆ ಕೆಡಿಸಿತು. ಸ್ನಾನಿಕ ಯೋಹಾನನಿಗೂ ಅಂಥದ್ದೇ ಸಂದರ್ಭ ಬಂತು. ಅವನ ಶಿಷ್ಯರು ಬಂದು, ಜನರೆಲ್ಲ ಯೇಸುವಿನ ಕಡೆ ಹೋಗುತ್ತಿದ್ದಾರೆ ಅಂತ ದೂರಿದರು. ಪರಲೋಕದಿಂದ ಕೊಡದೆ ಯಾರೂ ಏನನ್ನೂ ಪಡೆಯಲಾರರು ಅಂತ ಅವನು ಉತ್ತರ ಕೊಟ್ಟ (ಯೋಹಾನ 3:27). ಹೊಟ್ಟೆಕಿಚ್ಚು ಆ ಒಂದು ಮಾತಿನಿಂದ ಹೋಗುತ್ತದೆ ಅಂತ ನಾನು ಹೇಳೋದಿಲ್ಲ. ಆ ವ್ಯಕ್ತಿಗಾಗಿ ಹೆಸರು ಹಿಡಿದು ಪ್ರಾರ್ಥಿಸುವುದು ಸ್ವಲ್ಪ ಕೆಲಸ ಮಾಡುತ್ತದೆ.

ನನ್ನ ವರ ಯಾವುದು ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಪ್ರಶ್ನಾವಳಿ ತುಂಬಿ ಅಂಕ ಕೂಡಿಸುವ ಪರೀಕ್ಷೆಗಳು ಈಚಿನವು. ತಪ್ಪೇನಿಲ್ಲ, ಆದರೆ ಅವು ನೀವು ನಿಮ್ಮ ಬಗ್ಗೆ ಏನಂದುಕೊಂಡಿದ್ದೀರೋ ಅದನ್ನೇ ತಿರುಗಿ ಹೇಳುತ್ತವೆ. ಕೈಗೆ ಸಿಕ್ಕ ಸೇವೆ ಮಾಡುತ್ತಾ ಹೋಗಿ. ನಿಮ್ಮಿಂದ ಯಾರಿಗೆ, ಯಾವ ಕೆಲಸದಲ್ಲಿ ಉಪಯೋಗ ಆಯಿತು ಅಂತ ಅವರನ್ನೇ ಕೇಳಿ. ವರ ಇರುವುದು ಬೇರೆಯವರಿಗಾಗಿ ಅಂದಮೇಲೆ ಅದನ್ನು ಗುರುತಿಸಲು ಅವರೇ ಸರಿಯಾದವರು.

ಪ್ರತಿಭೆಯನ್ನು ಸಭೆಯ ಕೆಲಸಕ್ಕೇ ಬಳಸಬೇಕಾ? ಅದರಿಂದ ಹಣ ಮಾಡಬಹುದಾ?

ಸಭೆಯೊಳಗೆ ಹಾಡಿದರೆ ಸೇವೆ, ಹೊರಗೆ ಹಾಡಿದರೆ ಲೋಕದ ಕೆಲಸ ಅನ್ನುವ ಗೆರೆ ಬೈಬಲ್‌ನಲ್ಲಿ ನನಗೆ ಸಿಗಲಿಲ್ಲ. ದಾನಿಯೇಲ ತನ್ನ ಬುದ್ಧಿಯನ್ನು ಬಳಸಿದ್ದು ಬಾಬೆಲಿನ ಆಡಳಿತದಲ್ಲಿ. ಮನೆಕೆಲಸ, ಕಸುಬು, ಅಧಿಕಾರ ಇವೂ ದೇವರ ಕರೆಯೇ ಅಂತ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲಿ ಒತ್ತಿ ಹೇಳಿದ. ಬ್ರನೋ ಮಠದ ಸನ್ಯಾಸಿ ಮೆಂಡೆಲ್ ಮಠದ ತೋಟದಲ್ಲಿ ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ. 1866ರಲ್ಲಿ ಪ್ರಬಂಧ ಪ್ರಕಟಿಸಿದ. 1884ರಲ್ಲಿ ತೀರಿಕೊಂಡ. ಆ ಕೆಲಸದ ಬೆಲೆ ವಿಜ್ಞಾನಿಗಳಿಗೆ ತಿಳಿದದ್ದು 1900ರಲ್ಲಿ.

ಹಣದ ಬಗ್ಗೆ: ಕೆಲಸದವನು ಕೂಲಿಗೆ ಯೋಗ್ಯ ಅಂತ ಯೇಸುವೇ ಹೇಳಿದ್ದಾನೆ. ಸಂಗೀತಗಾರರನ್ನು, ಪೇಂಟರ್‌ಗಳನ್ನು, ವೆಬ್‌ಸೈಟ್ ಮಾಡುವವರನ್ನು ಕರೆದು, ದೇವರ ಸೇವೆ ತಾನೇ ಅಂತ ಬಿಟ್ಟಿ ದುಡಿಸಿಕೊಳ್ಳುವ ಸಭೆಗಳು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡಿ ಹೊಟ್ಟೆ ಹೊರೆದ, ಸಂಭಾವನೆ ಕೇಳುವ ಹಕ್ಕಿದ್ದೂ ಬಿಟ್ಟ. ಅದು ಅವನು ತಾನಾಗಿ ಬಿಟ್ಟದ್ದು, ಯಾರೂ ಕಿತ್ತುಕೊಂಡದ್ದಲ್ಲ. ದುಡ್ಡು ಕೊಟ್ಟು ಪವಿತ್ರಾತ್ಮನ ವರವನ್ನೇ ಕೊಳ್ಳಲು ಬಂದ ಸೀಮೋನನನ್ನು ಮಾತ್ರ ಪೇತ್ರ ಬೈದು ಕಳಿಸಿದ (ಅಪೊಸ್ತಲರ ಕೃತ್ಯಗಳು 8).

ಗಳಿಸಿದ್ದನ್ನು ಎಲ್ಲಿಗೆ ಹರಿಸುತ್ತೇವೆ ಅನ್ನೋದೂ ಇದೆ. ಸಂಗೀತಗಾರ ಹ್ಯಾಂಡೆಲ್‌ನ ಮೆಸ್ಸಾಯ ಗಾನರೂಪಕ ಮೊದಲ ಸಲ 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ನಡೆದಾಗ, ಬಂದ ಹಣ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಹೋಯಿತು.

ವಯಸ್ಸಾಗಿ, ಕಾಯಿಲೆಯಾಗಿ ಪ್ರತಿಭೆಯೇ ಹೋದರೆ? ವರ ಹಿಂದಕ್ಕೆ ತೆಗೆದುಕೊಂಡ ಅಂತಲಾ?

ಕಂಠ ಹೋದ ಗಾಯಕರು, ಕೈ ನಡುಗುವ ಸರ್ಜನ್‌ಗಳು ಇದನ್ನು ಕೇಳುತ್ತಾರೆ. ಶಿಕ್ಷೆ ಅಂತ ಓದಬೇಡಿ. ಮೈ ಸವೆಯುವುದು ಎಲ್ಲರಿಗೂ ಇರುವಂಥದ್ದು. ಕವಿ ಮಿಲ್ಟನ್ 1652ರ ಹೊತ್ತಿಗೆ ಪೂರ್ತಿ ಕುರುಡನಾದ. ತನ್ನ ಕುರುಡಿನ ಬಗ್ಗೆ ಬರೆದ ಪದ್ಯದಲ್ಲಿ ಅವನು ನೆನೆಯುವುದು ಆ ಹೂತಿಟ್ಟ ಒಂದು ತಲಾಂತನ್ನೇ. ಕಣ್ಣಿಲ್ಲದ ನನ್ನಿಂದ ದೇವರು ಹಗಲಿನ ಕೆಲಸ ಕೇಳುತ್ತಾನಾ ಅನ್ನುವುದು ಅವನ ಸಂಕಟ. ಸುಮ್ನೆ ನಿಂತು ಕಾಯುವವರೂ ಸೇವೆ ಮಾಡುವವರೇ ಅಂತ ಅದನ್ನು ಮುಗಿಸುತ್ತಾನೆ. ಆಮೇಲೆ ಬೇರೆಯವರಿಂದ ಬರೆಸಿ 1667ರಲ್ಲಿ ತನ್ನ ಮಹಾಕಾವ್ಯ ಪ್ರಕಟಿಸಿದ. ಎಲ್ಲರಿಗೂ ಹಾಗೆ ಎರಡನೇ ಅವಕಾಶ ಸಿಗುವುದಿಲ್ಲ, ಸಿಗಲೇಬೇಕು ಅಂತಲೂ ಇಲ್ಲ.

ಅರಣ್ಯಕಾಂಡ 8ರಲ್ಲಿ ಲೇವಿಯರಿಗೆ, ಅಂದರೆ ಗುಡಾರದ ಕೆಲಸಕ್ಕೆ ನೇಮಿಸಿದ ಕುಲದವರಿಗೆ, ಒಂದು ನಿಯಮ ಇದೆ. 25 ವರ್ಷಕ್ಕೆ ಅವರು ಗುಡಾರದ ಸೇವೆಗೆ ಸೇರಬೇಕು. 50 ತುಂಬಿದ ಮೇಲೆ ಆ ಕೆಲಸದಿಂದ ಬಿಡುಗಡೆ. ಆಮೇಲೂ ಕಾವಲಿನಲ್ಲಿ ತಮ್ಮ ಸಹೋದರರಿಗೆ ನೆರವಾಗಬಹುದು, ಆದರೆ ಮೊದಲಿನ ಸೇವೆಯನ್ನು ಅವರು ಮಾಡಬೇಕಾಗಿಲ್ಲ.